ಹುದ್ದೆಯೇ ಮಾಯವಾದ ಮೇಲೆ ಮೀಸಲು ಯಾತರದು?

(ಕನ್ನಡ ಯುವಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ನಾವು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ? 1986ರಲ್ಲಿ ಆ ವರದಿ ಸರ್ಕಾರದ ಕೈ ಸೇರಿತು. ಇಲ್ಲಿ ಕೂತಿರುವ ನಿಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ. ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ, ಸಾರ್ವಜನಿಕ ಉದ್ದಿಮೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸ ನೂರಕ್ಕೆ ನೂರು ಕನ್ನಡಿಗರಿಗೇ ಸಿಗಬೇಕು ಎಂದು ಅದು ಹೇಳಿತು. ಅಂದಿನಿಂದ ಇಂದಿನವರೆಗೆ ಮೆರವಣಿಗೆ ಮಾಡಿದ್ದೇವೆ, ಧರಣಿ ಕೂತಿದ್ದೇವೆ, ಬಂದ ಬಂದ ಮುಖ್ಯಮಂತ್ರಿಗಳಿಗೆಲ್ಲ ಮನವಿ ಪತ್ರ ಕೊಟ್ಟಿದ್ದೇವೆ.

ಇವತ್ತು ಒಂದು ಕಹಿ ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ದೆಹಲಿಯವರು ಮನಸ್ಸು ಬದಲಿಸಿ ಆ ವರದಿಯನ್ನು ಒಂದಕ್ಷರ ಬಿಡದೆ ಜಾರಿ ಮಾಡಿಬಿಟ್ಟರು ಎಂದೇ ಇಟ್ಟುಕೊಳ್ಳಿ. ನಿಮಗೆ ಎಷ್ಟು ಡಿ ದರ್ಜೆಯ ಕೆಲಸ ಸಿಕ್ಕೀತು?

ಲೆಕ್ಕ ಹಾಕಿ. ಗೇಟಿನ ಕಾವಲುಗಾರ, ಕ್ಯಾಂಟೀನಿನ ಅಡುಗೆಯವರು, ತೋಟದ ಮಾಲಿ, ನೆಲ ಒರೆಸುವ ಹೆಂಗಸರು, ಲಾರಿಯಿಂದ ಮೂಟೆ ಇಳಿಸುವವರು. ಇವೇ ಅಲ್ಲವೇ ಡಿ ದರ್ಜೆಯ ಕೆಲಸಗಳು? ಇವತ್ತು ಯಾವುದಾದರೂ ದೊಡ್ಡ ಸಾರ್ವಜನಿಕ ಸಂಸ್ಥೆಯ ಗೇಟಿಗೆ ಹೋಗಿ ನೋಡಿ. ಕಾವಲುಗಾರನ ತೋಳಿನ ಮೇಲಿರುವ ಬಿಲ್ಲೆ ಆ ಸಂಸ್ಥೆಯದಲ್ಲ, ಯಾವುದೋ ಏಜೆನ್ಸಿಯದು. ಕಸ ಗುಡಿಸುವ ಹೆಂಗಸಿನ ಸಂಬಳದ ಚೀಟಿಯಲ್ಲಿ ಸಂಸ್ಥೆಯ ಹೆಸರಿಲ್ಲ, ಗುತ್ತಿಗೆದಾರನ ಹೆಸರಿದೆ. ಕೆಲಸ ಇದೆ, ಹುದ್ದೆ ಇಲ್ಲ! ಕೇಂದ್ರ ಸರ್ಕಾರದಲ್ಲಂತೂ ಆರನೇ ವೇತನ ಆಯೋಗದ ನಂತರ ಡಿ ದರ್ಜೆ ಎಂಬ ದರ್ಜೆಯನ್ನೇ ಸಿ ದರ್ಜೆಯೊಳಗೆ ಕರಗಿಸಿಬಿಟ್ಟರು. ನಾವು ಬಾಗಿಲು ತಟ್ಟುತ್ತಲೇ ಇದ್ದೇವೆ. ಒಳಗಿದ್ದ ಕೋಣೆಯನ್ನೇ ಅವರು ಹಿತ್ತಿಲಿಂದ ಸಾಗಿಸಿಯಾಗಿದೆ.

ಇದು ಹೇಗಾಯಿತು? ಸಾರ್ವಜನಿಕ ಉದ್ದಿಮೆಗಳ ಮ್ಯಾನೇಜರುಗಳು ಈ ಕೆಲಸಗಳನ್ನೇಕೆ ಹೊರಗುತ್ತಿಗೆಗೆ ಕೊಡುತ್ತಾರೆ? ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿಯದೆ ನಾವು ಹೂಡುವ ಹೋರಾಟ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ. ಅದಕ್ಕೇ ಇವತ್ತು ಘೋಷಣೆ ಪಕ್ಕಕ್ಕಿಟ್ಟು ಸ್ವಲ್ಪ ಪಾಠ ಮಾಡುತ್ತೇನೆ.

ಕಾರ್ಖಾನೆಯೇ ಊರಾಗಿದ್ದ ಕಾಲ

ಬೆಂಗಳೂರು ಐ.ಟಿ. ನಗರ ಎಂದು ಹೆಸರಾಗುವ ಮೊದಲು ಸಾರ್ವಜನಿಕ ಉದ್ದಿಮೆಗಳ ನಗರವಾಗಿತ್ತು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಅದೇ ಮುಂದೆ ಎಚ್.ಎ.ಎಲ್. ಆಯಿತು. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್., 1964ರಲ್ಲಿ ಬಿ.ಇ.ಎಂ.ಎಲ್. ಬಂದವು. ಇವು ಬರೀ ಕಾರ್ಖಾನೆಗಳಾಗಿರಲಿಲ್ಲ. ಕಾಲೋನಿ, ಶಾಲೆ, ಆಸ್ಪತ್ರೆ, ಆಟದ ಮೈದಾನ, ಕಾರ್ಮಿಕರನ್ನು ಕರೆತರುವ ಬಸ್ಸು ಎಲ್ಲವೂ ಇದ್ದವು. ದೂರವಾಣಿನಗರ, ಜಾಲಹಳ್ಳಿ ಕಡೆಯ ಹಳಬರನ್ನು ಕೇಳಿ, ಹೇಳುತ್ತಾರೆ.

ಆ ಕಾಲದಲ್ಲಿ ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸುವವರೂ ಕಂಪೆನಿಯ ನೌಕರರೇ, ಲೇಥ್ ಮೇಲೆ ಕೆಲಸ ಮಾಡುವವರೂ ಕಂಪೆನಿಯ ನೌಕರರೇ. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು ಇಡಬೇಕೆಂಬ ನಿಯಮಕ್ಕೆ 1948ರ ಕಾರ್ಖಾನೆ ಕಾಯ್ದೆ ದಾರಿ ಮಾಡಿತ್ತು. ಓದು ಹೆಚ್ಚಿಲ್ಲದ ಹುಡುಗ ಹೆಲ್ಪರ್ ಆಗಿ ಸೇರಿ, ಸಂಜೆ ಶಾಲೆ ಓದಿ, ಇಲಾಖಾ ಪರೀಕ್ಷೆ ಬರೆದು ಮೇಲೇರುವ ಏಣಿ ಅಲ್ಲಿತ್ತು. ಅಪ್ಪ ವಾಚ್‌ಮನ್ ಆಗಿದ್ದ ಮನೆಯಿಂದ ಮಗ ಎಂಜಿನಿಯರ್ ಆಗಿ ಹೊರಬಂದದ್ದು ಇದೇ ಬೆಂಗಳೂರಿನಲ್ಲಿ. ಕೋಲಾರ, ತುಮಕೂರು, ಮಂಡ್ಯ, ಹಾಸನದ ಹಳ್ಳಿಯವರು ಈ ನಗರದಲ್ಲಿ ಕಾಲೂರಿದ್ದು ಈ ಏಣಿಯ ಮೊದಲ ಮೆಟ್ಟಿಲು ಹತ್ತಿ.

ಆ ಕಾಲವೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಮೇಲಿನ ಹುದ್ದೆಗಳಲ್ಲಿ ಆಗಲೂ ಕನ್ನಡಿಗರು ಕಡಿಮೆ ಎಂಬ ಕೂಗಿತ್ತು. ಮಹಿಷಿ ಸಮಿತಿ ಬೇಕಾದದ್ದೇ ಅದಕ್ಕೆ. ಕೆಲಸಗಳ್ಳರೂ ಇದ್ದರು, ಶಿಫಾರಸಿನವರೂ ಇದ್ದರು. ಆದರೆ ಕೆಳಗಿನ ಮೆಟ್ಟಿಲು ಮೆಟ್ಟಿಲಾಗಿಯೇ ಇತ್ತು. ಹೊರಗುತ್ತಿಗೆ ಬಂದ ಮೇಲೆ ಆ ಮೆಟ್ಟಿಲೇ ಏಣಿಯಿಂದ ಕಳಚಿಹೋಯಿತು.

ಮ್ಯಾನೇಜರು ಏನು ಹೇಳುತ್ತಾರೆ?

ಮೊದಲು ಅವರ ಮಾತನ್ನೂ ನ್ಯಾಯವಾಗಿ ಕೇಳೋಣ. ಎದುರಾಳಿಯ ವಾದ ಗೊತ್ತಿಲ್ಲದವನು ವಾದದಲ್ಲಿ ಗೆಲ್ಲುವುದಿಲ್ಲ.

ಒಂದನೆಯ ಮಾತು: "ನಮ್ಮ ಕಸುಬು ವಿಮಾನ ಕಟ್ಟುವುದು, ರೇಡಾರ್ ಮಾಡುವುದು. ಕಕ್ಕಸು ತೊಳೆಸುವುದು, ಸಾರಿಗೆ ಒಗ್ಗರಣೆ ಹಾಕಿಸುವುದು ನಮ್ಮ ಕಸುಬಲ್ಲ. ಅದನ್ನೇ ಕಸುಬು ಮಾಡಿಕೊಂಡವರಿಗೆ ಕೊಟ್ಟರೆ ನಮ್ಮ ಗಮನ ಮುಖ್ಯ ಕೆಲಸದ ಮೇಲಿರುತ್ತದೆ." ಇದಕ್ಕೇ ಅವರು ಕೋರ್ ಮತ್ತು ನಾನ್-ಕೋರ್ ಎಂದು ಹೆಸರಿಟ್ಟಿದ್ದಾರೆ. ತಿರುಳಿನ ಕೆಲಸ, ಸಿಪ್ಪೆಯ ಕೆಲಸ ಎಂದಿಟ್ಟುಕೊಳ್ಳಿ.

ಎರಡನೆಯ ಮಾತು: "ಖಾಯಂ ನೌಕರನಿಗೆ ಕೊಡುವ ಸಂಬಳ, ತುಟ್ಟಿಭತ್ಯೆ, ವೈದ್ಯಕೀಯ ವೆಚ್ಚ, ವರ್ಷ ವರ್ಷದ ಬಡ್ತಿ ಲೆಕ್ಕ ಹಾಕಿದರೆ ನೆಲ ಒರೆಸುವ ಕೆಲಸ ಬಲು ದುಬಾರಿ. ಮಾರುಕಟ್ಟೆಯಲ್ಲಿ ಅದು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ."

ಮೂರನೆಯ ಮಾತು: "ಕೆಲಸ ಒಂದೇ ಸಮ ಇರುವುದಿಲ್ಲ. ಆರ್ಡರ್ ಬಂದಾಗ ಇನ್ನೂರು ಜನ ಬೇಕು, ಇಲ್ಲದಾಗ ಐವತ್ತು ಸಾಕು. ಖಾಯಂ ನೌಕರನನ್ನು ಹಾಗೆ ಹೆಚ್ಚು ಕಡಿಮೆ ಮಾಡಲಾಗುವುದಿಲ್ಲ."

ನಾಲ್ಕನೆಯದನ್ನು ಸಭೆಯಲ್ಲಿ ಹೇಳುವುದಿಲ್ಲ, ಚಹಾ ಕುಡಿಯುವಾಗ ಹೇಳುತ್ತಾರೆ: "ಹೊಸ ಹುದ್ದೆ ಮಂಜೂರು ಮಾಡಿಸಿಕೊಳ್ಳುವುದು ಎಂದರೆ ದೆಹಲಿಗೆ ಅಲೆದಾಟ. ಟೆಂಡರು ಕರೆಯುವುದು ನನ್ನ ಮಟ್ಟದಲ್ಲೇ ಮುಗಿಯುತ್ತದೆ. ಕೆಲಸ ಆಗಬೇಕಲ್ಲ ಸ್ವಾಮಿ!"

ಇವುಗಳಲ್ಲಿ ಹುರುಳಿಲ್ಲ ಎಂದು ಹೇಳಲಾಗದು. ಲಿಫ್ಟ್ ರಿಪೇರಿ ಮಾಡುವವನನ್ನು, ವರ್ಷಕ್ಕೊಮ್ಮೆ ಕಟ್ಟಡಕ್ಕೆ ಬಣ್ಣ ಹೊಡೆಯುವವನನ್ನು ಖಾಯಂ ಇಟ್ಟುಕೊಳ್ಳಿ ಎಂದು ಯಾರೂ ಕೇಳುವುದಿಲ್ಲ. ಆದರೆ ಕಕ್ಕಸು ದಿನಾ ತೊಳೆಯಬೇಕು. ಗೇಟು ಇಪ್ಪತ್ನಾಲ್ಕು ಗಂಟೆ ಕಾಯಬೇಕು. ಊಟ ದಿನಕ್ಕೆ ಮೂರು ಪಾಳಿಗೂ ಬೇಕು. ಇದರಲ್ಲಿ ಏರಿಳಿತ ಎಲ್ಲಿ ಬಂತು? ಹೊರಗುತ್ತಿಗೆಗೆ ಮೊದಲು ಹೋದದ್ದು ಏರಿಳಿತವೇ ಇಲ್ಲದ ಈ ಕೆಲಸಗಳು. ಅಂದಮೇಲೆ ಮೂರನೆಯ ಕಾರಣ ಇಲ್ಲಿ ನಿಲ್ಲುವುದಿಲ್ಲ.

ರೂಪಾಯಿಯ ಲೆಕ್ಕ

ಇನ್ನು ಅಗ್ಗದ ಮಾತು. ಒಂದು ಉದಾಹರಣೆ ಹಿಡಿಯೋಣ, ಕಾಗದ ಪೆನ್ನು ತೆಗೆದುಕೊಳ್ಳಿ. ಗುತ್ತಿಗೆಯ ಹೆಂಗಸಿಗೆ ತಿಂಗಳ ಕೂಲಿ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿ.ಎಫ್. ಮತ್ತು ಅದರ ಖರ್ಚು 15,000ದ ಮಿತಿಯ ಮೇಲೆ ಶೇಕಡಾ 13, ಅಂದರೆ 1,950. ಇ.ಎಸ್.ಐ. ಶೇಕಡಾ 3.25, ಅಂದರೆ 585. ಒಟ್ಟು 20,535. ಇದರ ಮೇಲೆ ಗುತ್ತಿಗೆದಾರನ ಸೇವಾ ಶುಲ್ಕ ಶೇಕಡಾ 5 ಎಂದರೆ ಸುಮಾರು 1,027. ಅದರ ಮೇಲೆ ಜಿ.ಎಸ್.ಟಿ. ಶೇಕಡಾ 18, ಸುಮಾರು 3,881. ಸಂಸ್ಥೆ ಕೊಡುವ ಬಿಲ್ಲು 25,443 ರೂಪಾಯಿ!

ಆ ಹೆಂಗಸಿನ ಕೈಗೆ ಬರುವುದೆಷ್ಟು? ಅವಳ ಪಾಲಿನ ಪಿ.ಎಫ್. 1,800, ಇ.ಎಸ್.ಐ. 135 ಕಳೆದರೆ 16,065. ಪಿ.ಎಫ್. ಅವಳದ್ದೇ ಹಣ, ಒಪ್ಪೋಣ. ಅದನ್ನು ಗುತ್ತಿಗೆದಾರ ನಿಜವಾಗಿಯೂ ಕಟ್ಟಿದ್ದರೆ! ಸಂಸ್ಥೆ ಕೊಟ್ಟ ಪ್ರತಿ ರೂಪಾಯಿಯಲ್ಲಿ ಅವಳ ಕೈ ಸೇರಿದ್ದು ಅರವತ್ತಮೂರು ಪೈಸೆ. ಜಿ.ಎಸ್.ಟಿ. ಕೆಲವು ಉದ್ದಿಮೆಗಳಿಗೆ ವಾಪಸು ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ. ಅದೇ ಹೆಂಗಸನ್ನು ಅದೇ ಕೂಲಿಗೆ ಸಂಸ್ಥೆ ತಾನೇ ಇಟ್ಟುಕೊಂಡಿದ್ದರೆ ಸೇವಾ ಶುಲ್ಕವೂ ಇಲ್ಲ, ಆ ತೆರಿಗೆಯೂ ಇಲ್ಲ.

ಹಾಗಾದರೆ ಉಳಿತಾಯ ಎಲ್ಲಿಂದ ಬಂತು? ಗುತ್ತಿಗೆದಾರನ ಜಾಣತನದಿಂದ ಬರಲಿಲ್ಲ, ಹೊಸ ಯಂತ್ರದಿಂದಲೂ ಬರಲಿಲ್ಲ. ಖಾಯಂ ನೌಕರಳಿಗೆ ಸಿಗಬೇಕಾಗಿದ್ದ ವೇತನ ಶ್ರೇಣಿ, ಬಡ್ತಿ, ರಜೆ, ವೈದ್ಯಕೀಯ ನೆರವು ಇವಳಿಗೆ ಇಲ್ಲ. ಉಳಿತಾಯ ಎಂದರೆ ಇಷ್ಟೇ. ಇಪ್ಪತ್ತು ವರ್ಷ ಅದೇ ನೆಲ ಒರೆಸಿದರೂ ಅವಳು ಅದೇ ಕೂಲಿಯವಳು. ಗುತ್ತಿಗೆದಾರ ಬದಲಾದಾಗಲೆಲ್ಲ ಅವಳ ಸೇವೆ ಮತ್ತೆ ಒಂದನೆಯ ದಿನದಿಂದ ಶುರು.

ತಲೆಯ ಲೆಕ್ಕ

ಈಗ ನಿಜವಾದ ಕಾರಣಕ್ಕೆ ಬರುತ್ತೇನೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಸಾರ್ವಜನಿಕ ಸಂಸ್ಥೆಯಲ್ಲಿ ಒಂದು ಹುದ್ದೆ ಎಂದರೆ ಬರೀ ಸಂಬಳವಲ್ಲ. ಆ ಹುದ್ದೆಯ ಬೆನ್ನಿಗೆ ಹತ್ತು ಹೊಣೆಗಳು ಅಂಟಿಕೊಂಡಿರುತ್ತವೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಸಂವಿಧಾನದ 14 ಮತ್ತು 16ನೇ ವಿಧಿಯಂತೆ ಎಲ್ಲರಿಗೂ ಸಮಾನ ಅವಕಾಶ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ರೋಸ್ಟರ್ ಪಾಲಿಸಬೇಕು. ತೆಗೆದುಹಾಕಬೇಕಾದರೆ ವಿಚಾರಣೆ ಮಾಡಬೇಕು. ಸಂಘ ಕಟ್ಟಿಕೊಂಡರೆ ಕರೆದು ಮಾತಾಡಬೇಕು. ಕರ್ನಾಟಕದಲ್ಲಾದರೆ "ಎಷ್ಟು ಕನ್ನಡಿಗರನ್ನು ತೆಗೆದುಕೊಂಡಿರಿ?" ಎಂದು ಕೇಳುವ ನಮ್ಮಂಥವರಿಗೆ ಉತ್ತರ ಕೊಡಬೇಕು.

ಹುದ್ದೆ ಹೋದರೆ ಇವಿಷ್ಟೂ ಒಟ್ಟಿಗೆ ಹೋಗುತ್ತವೆ. ಲೆಕ್ಕಪುಸ್ತಕದಲ್ಲೂ ನೋಡಿ: ಖಾಯಂ ನೌಕರನ ಸಂಬಳ "ನೌಕರರ ವೆಚ್ಚ" ಎಂಬ ಸಾಲಿನಲ್ಲಿ ಬರುತ್ತದೆ. ಏಜೆನ್ಸಿಗೆ ಕೊಟ್ಟ ಬಿಲ್ಲು "ಇತರ ವೆಚ್ಚ" ಎಂಬ ಸಾಲಿಗೆ ಹೋಗುತ್ತದೆ, ವಿದ್ಯುತ್ ಬಿಲ್ಲು, ಕಾಗದದ ಬಿಲ್ಲಿನ ಸಾಲಿಗೆ! ಮನುಷ್ಯರು ಸಾಮಾನಾಗಿಬಿಟ್ಟರು. ತಲೆಯ ಎಣಿಕೆ ಕಡಿಮೆಯಾದ ಕೂಡಲೇ "ಒಬ್ಬ ನೌಕರನಿಗೆ ಇಷ್ಟು ಉತ್ಪಾದನೆ" ಎಂಬ ಅಂಕಿ ತಾನಾಗಿಯೇ ಏರುತ್ತದೆ. 1991ರ ಹೊಸ ಕೈಗಾರಿಕಾ ನೀತಿಯ ನಂತರ ಸ್ವಯಂ ನಿವೃತ್ತಿ ಎಂಬ ಹೆಸರಿನಲ್ಲಿ ಜನರನ್ನು ಮನೆಗೆ ಕಳಿಸಿದ್ದು, ಖಾಲಿಯಾದ ಜಾಗ ತುಂಬದೆ ಬಿಟ್ಟದ್ದು, ಆ ಕೆಲಸಕ್ಕೆ ಏಜೆನ್ಸಿ ಕರೆದದ್ದು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು.

ಕೇಂದ್ರ ಸರ್ಕಾರದ್ದೇ ಸಾರ್ವಜನಿಕ ಉದ್ಯಮಗಳ ಸಮೀಕ್ಷೆ ಹೇಳುವ ಅಂಕಿ ಕೇಳಿ. 2013ರ ಮಾರ್ಚ್‌ನಲ್ಲಿ ಕೇಂದ್ರೋದ್ಯಮಗಳಲ್ಲಿ ದುಡಿಯುವವರಲ್ಲಿ ಗುತ್ತಿಗೆ ಮತ್ತು ದಿನಗೂಲಿಯವರು ಸುಮಾರು ಶೇಕಡಾ 19. 2022ರ ಮಾರ್ಚ್ ಹೊತ್ತಿಗೆ ಶೇಕಡಾ 42ಕ್ಕೂ ಹೆಚ್ಚು. ಒಂಬತ್ತು ವರ್ಷದಲ್ಲಿ ಎರಡು ಪಟ್ಟು ಮೀರಿತು! ಕೇಂದ್ರೋದ್ಯಮಗಳ ಹತ್ತರಲ್ಲಿ ನಾಲ್ಕು ಜನ ಮಹಿಷಿ ವರದಿಯ ಕೈಗೆ ಸಿಗದವರು.

ಸಂಘದ ಮಾತನ್ನೂ ಹೇಳಿಬಿಡುತ್ತೇನೆ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಅಂಥದೊಂದು ಮುಷ್ಕರವನ್ನು ಇವತ್ತಿನ ಏಜೆನ್ಸಿ ಹುಡುಗರು ಹೂಡಬಲ್ಲರೇ? ಮರುದಿನ ಗೇಟ್ ಪಾಸ್ ರದ್ದು, ಅಷ್ಟೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮ್ಯಾನೇಜರಿಗೆ ಅಂಥ ಕೋಲು ಸಿಕ್ಕಿದೆ, ಅದರ ಹೆಸರು ಟೆಂಡರು.

ಕಾಯ್ದೆ, ಕೋರ್ಟು

"ಕಾಯ್ದೆ ಇರಲಿಲ್ಲವೇ?" ಎಂದು ಕೇಳುತ್ತೀರಿ. ಇತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ವರ್ಷವಿಡೀ ನಡೆಯುವ ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಅದರಂತೆ 1976ರ ಡಿಸೆಂಬರ್ 9ರಂದು ಕೇಂದ್ರ ಸರ್ಕಾರ ತನ್ನ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳನ್ನು ಗುಡಿಸುವ, ಒರೆಸುವ, ಕಾಯುವ ಕೆಲಸಕ್ಕೆ ಗುತ್ತಿಗೆ ಕೂಡದು ಎಂದು ಅಧಿಸೂಚನೆ ಹೊರಡಿಸಿತು. 1996ರಲ್ಲಿ ಏರ್ ಇಂಡಿಯಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂಥ ಕಾರ್ಮಿಕರನ್ನು ಸಂಸ್ಥೆಯೇ ಸೇರಿಸಿಕೊಳ್ಳಬೇಕು ಎಂದಿತು. ಐದೇ ವರ್ಷ! 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಅಧಿಸೂಚನೆಯನ್ನೇ ರದ್ದು ಮಾಡಿತು. ಗುತ್ತಿಗೆ ನಿಷೇಧವಾದರೂ ಕಾರ್ಮಿಕ ತಾನಾಗಿಯೇ ಖಾಯಂ ಆಗುವುದಿಲ್ಲ ಎಂದಿತು. ಒಂದು ಕಿಟಕಿ ಮಾತ್ರ ಬಿಟ್ಟಿತು: ಗುತ್ತಿಗೆ ಬರೀ ನಾಟಕ ಎಂದು ಸಾಬೀತಾದರೆ ಅವನು ಸಂಸ್ಥೆಯದೇ ನೌಕರ.

ಆಮೇಲೆ ಬಂದದ್ದು ನಮ್ಮದೇ ರಾಜ್ಯದ ಮೊಕದ್ದಮೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣ, 2006ರ ಏಪ್ರಿಲ್ 10. ನಿಯಮ ಮೀರಿ ದಿನಗೂಲಿಯಾಗಿ ಬಂದವರು ಖಾಯಂ ಆಗುವ ಹಕ್ಕು ಕೇಳುವಂತಿಲ್ಲ ಎಂದು ತೀರ್ಪಾಯಿತು. ಹಿಂಬಾಗಿಲ ನೇಮಕ ತಡೆಯುವುದು ಅದರ ಉದ್ದೇಶ. ಅಧಿಕಾರಿಗಳು ಕಲಿತ ಪಾಠ ಬೇರೆ: "ದಿನಗೂಲಿಯವನನ್ನು ನಾವೇ ಇಟ್ಟುಕೊಂಡರೆ ತಾನೇ ಕೋರ್ಟಿಗೆ ಹೋಗುವುದು? ಏಜೆನ್ಸಿಯವನು ಇಟ್ಟುಕೊಳ್ಳಲಿ." 2024ರ ಡಿಸೆಂಬರ್ 20ರಂದು, ಕೇಂದ್ರ ಜಲ ಆಯೋಗದಲ್ಲಿ ವರ್ಷಗಟ್ಟಲೆ ಗುಡಿಸಿ ಒರೆಸಿದವರ ಜಗ್ಗೋ ಪ್ರಕರಣದಲ್ಲಿ, ಅದೇ ಸುಪ್ರೀಂ ಕೋರ್ಟು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಎಂದು ಸರ್ಕಾರಿ ಸಂಸ್ಥೆಗಳ ಕಿವಿ ಹಿಂಡಿತು. ಅವರನ್ನು ಖಾಯಂ ಮಾಡಿಸಿತು. ಹೊರಗುತ್ತಿಗೆಯ ದುರ್ಬಳಕೆಯನ್ನೂ ಎತ್ತಿ ಆಡಿತು.

ಆದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಏನು ಮಾಡಿದೆ ಗೊತ್ತೇ? ತಿರುಳಿನ ಕೆಲಸಕ್ಕೆ ಸಾಮಾನ್ಯವಾಗಿ ಗುತ್ತಿಗೆ ಕೂಡದು ಎಂದು ಹೇಳಿ, ಯಾವುದು ತಿರುಳಲ್ಲ ಎಂಬ ಪಟ್ಟಿಯನ್ನೇ ಬರೆದುಕೊಟ್ಟಿದೆ. ನೈರ್ಮಲ್ಯ, ಕಾವಲು, ಕ್ಯಾಂಟೀನು, ಮೂಟೆ ಹೊರುವುದು, ತೋಟ, ಹೌಸ್‌ಕೀಪಿಂಗ್, ಸಾರಿಗೆ, ಅತಿಥಿಗೃಹ. ಹಳೆಯ ಕಾಯ್ದೆ 20 ಜನ ಗುತ್ತಿಗೆಯವರಿದ್ದ ಕಡೆಯಿಂದಲೇ ಹಿಡಿಯುತ್ತಿತ್ತು, ಹೊಸದು 50 ಜನರಿಂದ. ಮೊದಲು ಮ್ಯಾನೇಜರು ವಾದ ಮಾಡಿ ಸಮರ್ಥಿಸಬೇಕಾಗಿದ್ದನ್ನು ಈಗ ಕಾಯ್ದೆಯೇ ಸಮರ್ಥಿಸುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಬಾಗಿಲನ್ನೇ ಕಿತ್ತು ಕೊಟ್ಟರು.

ಕನ್ನಡಕ್ಕೇನು ನಷ್ಟ?

"ಇದು ಕಾರ್ಮಿಕರ ಮಾತಾಯಿತು, ಕನ್ನಡಕ್ಕೇನು ಸಂಬಂಧ?" ಎನ್ನುವವರು ಇಲ್ಲಿ ಕೇಳಿ.

ಒಂದು ಆಸ್ಪತ್ರೆ, ಒಂದು ಮೆಟ್ರೋ ನಿಲ್ದಾಣ, ಒಂದು ಬ್ಯಾಂಕು ತೆಗೆದುಕೊಳ್ಳಿ. ಸಾಮಾನ್ಯ ಮನುಷ್ಯ ಒಳಗೆ ಹೋದಾಗ ಮೊದಲು ಯಾರ ಜೊತೆ ಮಾತಾಡುತ್ತಾನೆ? ಎಂ.ಡಿ. ಜೊತೆ ಅಲ್ಲ. ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವನ ಜೊತೆ. "ಎಲ್ಲಿಗೆ ಹೋಗಬೇಕಪ್ಪಾ?" ಎಂದು ಕೇಳುವುದು ಅವನನ್ನೇ. ಸಂಸ್ಥೆಯ ಲೆಕ್ಕದಲ್ಲಿ ಅವನು ಹೊರಗಿನವನು, ಸಿಪ್ಪೆ. ಜನರ ಲೆಕ್ಕದಲ್ಲಿ ಅವನೇ ಸಂಸ್ಥೆ! ಹಳ್ಳಿಯಿಂದ ಬಂದ ಅಜ್ಜಿಗೆ ವಾರ್ಡು ತೋರಿಸುವವನಿಗೆ ಕನ್ನಡ ಬಾರದಿದ್ದರೆ ಆ ಆಸ್ಪತ್ರೆಗೇ ಕನ್ನಡ ಬಾರದು. ಮ್ಯಾನೇಜರು ಸಿಪ್ಪೆ ಎಂದು ಬಿಸಾಡಿದ ಕೆಲಸದಲ್ಲೇ ಸಂಸ್ಥೆಯ ನಾಲಗೆ ಇತ್ತು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಏಜೆನ್ಸಿಯವನು ಸಾವಿರಾರು ಮೈಲಿಯಿಂದ ಕರೆತಂದು ಹನ್ನೆರಡು ಗಂಟೆ ನಿಲ್ಲಿಸುವ ಬಡ ಹುಡುಗ ನಮ್ಮ ಶತ್ರುವಲ್ಲ. ಅವನ ಮೇಲೆ ಕೈ ಎತ್ತುವವನು ಕನ್ನಡದ ಹೆಸರು ಕೆಡಿಸುತ್ತಾನೆ. ಸಂಘ ಗೊತ್ತಿಲ್ಲದ, ನೆರೆಹೊರೆ ಇಲ್ಲದ, ಎದುರು ಮಾತಾಡಲಾರದ ಹುಡುಗ ಬೇಕು ಎಂದು ಅವನನ್ನು ಆರಿಸಿದ್ದು ಗುತ್ತಿಗೆದಾರ. ಅಗ್ಗದ ಬಿಡ್ಡಿಗೆ ಮಾಲೆ ಹಾಕಿದ್ದು ಮ್ಯಾನೇಜರು. ನಮ್ಮ ಜಗಳ ಆ ಕಾಗದದ ಜೊತೆ. ಹಾಗೆಯೇ ಬೆಂಗಳೂರಿನ ಬೀದಿ ಗುಡಿಸುವ ಎಷ್ಟೋ ಮನೆಗಳ ಮನೆಮಾತು ತೆಲುಗು. ತಲೆಮಾರುಗಳಿಂದ ಈ ಊರನ್ನು ಬೆಳಗಿಸಿದವರು ನಮ್ಮವರಲ್ಲದೆ ಮತ್ತಾರು?

ಗೆದ್ದದ್ದೂ ಉಂಟು

ಹತಾಶರಾಗಬೇಕಿಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ಮೆಟ್ರೋ ನಿಗಮ 50 ರೈಲು ಚಾಲಕರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುವ ಪ್ರಕಟಣೆ ಹೊರಡಿಸಿತು. ಮೂರು ವರ್ಷದ ಮೆಟ್ರೋ ಅನುಭವ ಇರಬೇಕು ಎಂಬ ಷರತ್ತು. ಕರ್ನಾಟಕದಲ್ಲಿರುವುದು ಒಂದೇ ಮೆಟ್ರೋ. ಹೊರಗಿನವರಿಗಲ್ಲದೆ ಆ ಅನುಭವ ಯಾರಿಗಿದ್ದೀತು? ಕನ್ನಡಿಗರು ದನಿ ಎತ್ತಿದರು, ಪ್ರಕಟಣೆ ವಾಪಸಾಯಿತು. ಅದು ಏಜೆನ್ಸಿಯ ಹೊರಗುತ್ತಿಗೆಯಲ್ಲ, ನಿಗಮವೇ ಕರೆದ ನೇರ ಗುತ್ತಿಗೆ. ಪ್ರಕಟಣೆ ಕಣ್ಣಿಗೆ ಬಿತ್ತು, ಆದ್ದರಿಂದ ತಡೆಯಲಾಯಿತು. ಕಾವಲಿನ, ಹೌಸ್‌ಕೀಪಿಂಗಿನ ಟೆಂಡರುಗಳಲ್ಲಿ ಏನು ಷರತ್ತಿದೆ ಎಂದು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?

ಬೆಂಗಳೂರಿನ ಪೌರಕಾರ್ಮಿಕರನ್ನು ನೋಡಿ. ಗುತ್ತಿಗೆದಾರರ ಕೈಯಲ್ಲಿ ನಲುಗಿದವರು ಹೋರಾಡಿ 2017ರಲ್ಲಿ ಪಾಲಿಕೆಯಿಂದಲೇ ನೇರ ವೇತನ ಪಡೆದರು. 2022ರ ಜುಲೈನಲ್ಲಿ ಕಸಬರಿಗೆ ಕೆಳಗಿಟ್ಟು ಮುಷ್ಕರ ಹೂಡಿದರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನರ ಕೈಗೆ ಖಾಯಂ ನೇಮಕದ ಪತ್ರ ಬಂತು. ಹೊರಗುತ್ತಿಗೆ ಎಂಬುದು ಹಿಂದಕ್ಕೆ ತಿರುಗದ ಗಾಡಿಯೇನಲ್ಲ. ತಿರುಗಿಸಿದವರು ಹೆಚ್ಚಿಗೆ ಓದಿದವರಲ್ಲ, ಹೆಂಗಸರೇ ಹೆಚ್ಚಾಗಿದ್ದ ಬಡವರು.

ನಾವೇನು ಮಾಡಬೇಕು?

ಮೊದಲನೆಯದು, ಟೆಂಡರು ಓದುವುದನ್ನು ಕಲಿಯಿರಿ. 1999ರ ನಮ್ಮ ರಾಜ್ಯದ ಪಾರದರ್ಶಕ ಕಾಯ್ದೆ, 2005ರ ಮಾಹಿತಿ ಹಕ್ಕು ಕಾಯ್ದೆ, 2016ರಲ್ಲಿ ಶುರುವಾದ ಕೇಂದ್ರದ ಜೆಮ್ ಖರೀದಿ ವ್ಯವಸ್ಥೆ ಇವುಗಳಿಂದ ಕಾಗದ ಸಿಗುತ್ತದೆ. ಬಚ್ಚಿಟ್ಟಿಲ್ಲ, ನಾವು ನೋಡುತ್ತಿಲ್ಲ. ಒಂದೊಂದು ತಂಡ ಒಂದೊಂದು ಸಂಸ್ಥೆ ಹಿಡಿಯಲಿ. ಎಷ್ಟು ಜನ, ಯಾವ ಏಜೆನ್ಸಿ, ಯಾವ ಕೂಲಿ, ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂದು ಪಟ್ಟಿ ಮಾಡಲಿ. ಟೆಂಡರು ಕರೆಯುವ ಮೊದಲು ಮನವಿ ಕೊಡಿ, ಕರೆದ ಮೇಲೆ ಕೂಗಿದರೆ ಪ್ರಯೋಜನವಿಲ್ಲ.

ಎರಡನೆಯದು, ಸರಿಯಾದ ಷರತ್ತು ಕೇಳಿ. "ಇಲ್ಲಿ ಹುಟ್ಟಿದವರೇ ಬೇಕು" ಎಂದರೆ ಸಂವಿಧಾನದ 16ನೇ ವಿಧಿ ಅಡ್ಡ ಬರುತ್ತದೆ. ಹರಿಯಾಣದವರು ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಶೇಕಡಾ 75 ಎಂದು ಮಾಡಿದ ಕಾಯ್ದೆಯನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟು ರದ್ದು ಮಾಡಿತು. ನಮ್ಮ ಸಂಪುಟ 2024ರ ಜುಲೈನಲ್ಲಿ ಒಪ್ಪಿದ ಸ್ಥಳೀಯರ ಮಸೂದೆ ಉದ್ಯಮಿಗಳ ಒಂದು ಗದ್ದಲಕ್ಕೆ ಎರಡೇ ದಿನದಲ್ಲಿ ಮೂಲೆ ಸೇರಿತು. ಆದರೆ ಭಾಷೆ ಹುಟ್ಟಲ್ಲ, ಅದು ಅರ್ಹತೆ. ಜನರ ಜೊತೆ ಮಾತಾಡುವ ಕೆಲಸಕ್ಕೆ ಜನರ ಮಾತು ಬರಬೇಕು ಎಂಬ ಷರತ್ತಿನಲ್ಲಿ ಯಾರಿಗೂ ಅನ್ಯಾಯವಿಲ್ಲ. ಬಿಹಾರದ ಹುಡುಗ ಕನ್ನಡ ಕಲಿತರೆ ಅವನಿಗೂ ಸ್ವಾಗತ.

ಮೂರನೆಯದು, ಗುತ್ತಿಗೆಯಲ್ಲಿ ಇಂಥ ಷರತ್ತು ಹಾಕಲಾಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2024ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವೇ ಇಲಾಖೆಗಳ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು, ಹೆಂಗಸರಿಗೆ ಶೇಕಡಾ 33 ಕೊಡಬೇಕು ಎಂದು ಆದೇಶ ಹೊರಡಿಸಿತು. ಹೊಣೆ ಹುದ್ದೆಯ ಜೊತೆ ಹೋಗಿಬಿಟ್ಟಿತು ಎಂದುಕೊಂಡಿದ್ದೆವು. ಅದನ್ನು ಟೆಂಡರಿನ ಮೇಲೂ ಹೊರಿಸಬಹುದು ಎಂದು ಸರ್ಕಾರವೇ ತೋರಿಸಿತು. ಇದೇ ದಾರಿಯಲ್ಲಿ ಕನ್ನಡವೂ ಬರಲಿ.

ನಾಲ್ಕನೆಯದು, ಗುತ್ತಿಗೆಯವರ ಸಂಬಳ ನಿಂತರೆ ಅವರ ಜೊತೆ ನಿಲ್ಲಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಸಂಸ್ಥೆಯೇ ಕೊಡಬೇಕು. ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಪಿ.ಎಫ್. ಕಟ್ಟಿದ್ದಾರೋ ಇಲ್ಲವೋ ಎಂದು ಅವರಿಗೆ ಮೊಬೈಲಿನಲ್ಲಿ ನೋಡಿ ಹೇಳಿ. ಕನ್ನಡ ಬಾವುಟ ಹಿಡಿದವರು ನಮ್ಮ ಹೊಟ್ಟೆಯ ಮಾತನ್ನೂ ಆಡುತ್ತಾರೆ ಎಂದು ಅವರಿಗೆ ಅನ್ನಿಸಿದ ದಿನ ಈ ಚಳವಳಿಗೆ ಬಲ ಬರುತ್ತದೆ. ಅವರಲ್ಲಿ ಕನ್ನಡ ಬಾರದವರಿದ್ದರೆ ಸಂಜೆ ಒಂದು ಗಂಟೆ ಕೂತು ಕಲಿಸಿ.

ಕೊನೆಯದಾಗಿ, ದೊಡ್ಡ ಬೇಡಿಕೆ ಬಿಡಬೇಡಿ. ದಿನವೂ ನಡೆಯುವ ಕೆಲಸಕ್ಕೆ ದಿನವೂ ಇರುವ ಹುದ್ದೆ ಬೇಕು. ಮಹಿಷಿ ವರದಿ ಜಾರಿಯಾಗಲಿ ಎಂದು ಕೂಗುವಾಗ ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಹುದ್ದೆಗಳನ್ನು ವಾಪಸು ಕೊಡಿ! ಹುದ್ದೆ ಇದ್ದರೆ ಮೀಸಲು, ಹುದ್ದೆ ಇದ್ದರೆ ಸಂಘ, ಹುದ್ದೆ ಇದ್ದರೆ ಏಣಿಯ ಮೊದಲ ಮೆಟ್ಟಿಲು.

ಮುಂದಿನ ಶಿಬಿರಕ್ಕೆ ಬರುವಾಗ ಪ್ರತಿ ತಂಡವೂ ಒಂದು ಟೆಂಡರಿನ ಪ್ರತಿ ಹಿಡಿದು ಬರಬೇಕು. ಭಾಷಣ ಸಾಕು, ಅವತ್ತು ಅದನ್ನೇ ಸಾಲು ಸಾಲಾಗಿ ಓದೋಣ.

ಜೈ ಕರ್ನಾಟಕ!